ಮಣ್ಣಿನ ಕಣದ ಸಾರಥಿ

ಮೋಟಾರು ಕಾರಿನ ಪಂದ್ಯವೆಂದೊಡನೆ ಡಾಂಬರಿನ ನುಣುಪು ಹಾದಿಯೇ ನಮ್ಮ ಕಣ್ಣ ಮುಂದೆ ನಿಲ್ಲುತ್ತದೆ. ಆದರೆ ಅಮೆರಿಕದಲ್ಲಿ ಈ ಆಟದ ಬಾಲ್ಯ ಬಹುಮಟ್ಟಿಗೆ ಕಳೆದದ್ದು ಮಣ್ಣಿನಲ್ಲಿ. ಜಾತ್ರೆಯ ಮೈದಾನಗಳಲ್ಲಿ ಕುದುರೆಗಳ ಓಟಕ್ಕೆಂದು ಮಾಡಿದ್ದ ಸುತ್ತುದಾರಿಗಳಿಗೇ ಕಾರುಗಳನ್ನು ತಂದು ಬಿಟ್ಟರು. ಮುಂದಿನ ಕಾರು ಎಬ್ಬಿಸಿದ ಧೂಳಿನಲ್ಲಿ ಹಿಂದಿನವನಿಗೆ ತಿರುವು ಕಾಣುವಂತಿರಲಿಲ್ಲ. ಆ ಧೂಳಿನೊಳಗಿನಿಂದ ಮೂಡಿಬಂದ ಹೆಸರು ಬಾರ್ನಿ ಓಲ್ಡ್‌ಫೀಲ್ಡ್.

ಈತ ಹುಟ್ಟಿದ್ದು 1878ರಲ್ಲಿ, ಓಹಾಯೊ ಸಂಸ್ಥಾನದ ಹಳ್ಳಿಗಾಡಿನಲ್ಲಿ. ಹರೆಯದಲ್ಲಿ ಬೈಸಿಕಲ್ ಪಂದ್ಯಗಳಲ್ಲಿ ಹೆಸರು ಮಾಡಿದ. ಟಾಮ್ ಕೂಪರ್ ಎಂಬ ಸೈಕಲ್ ವೀರ ಆಗ ಹೆನ್ರಿ ಫೋರ್ಡನೊಡನೆ ಸೇರಿ ಒಂದು ಪಂದ್ಯದ ಕಾರು ಕಟ್ಟಿಸುತ್ತಿದ್ದ. ಫೋರ್ಡ್ ಇನ್ನೂ ಜಗತ್ಪ್ರಸಿದ್ಧನಾಗಿರದ ಕಾಲ ಅದು. ಒಂದು ರೈಲು ಎಂಜಿನ್ನಿನ ನೆನಪಿಗೆ ‘999’ ಎಂದು ಹೆಸರಿಟ್ಟ ಆ ಕಾರಿಗೆ ಮೈಹೊದಿಕೆಯೇ ಇರಲಿಲ್ಲ. ನಾಲ್ಕು ಭಾರಿ ಸಿಲಿಂಡರುಗಳು ಬಯಲಿಗೆ ತೆರೆದುಕೊಂಡಿದ್ದವು. ತಿರುಗಿಸಲು ಚಕ್ರವಿಲ್ಲ, ಎರಡೂ ಕೈಗಳಿಂದ ಹಿಡಿಯುವ ಅಡ್ಡ ಹಿಡಿಕೆಯೊಂದಿತ್ತು, ಅಷ್ಟೆ. ನಮ್ಮ ರಾಜಾಜಿನಗರದ ಕೈಗಾರಿಕಾ ವಸಾಹತಿನ ಶೆಡ್ಡುಗಳಲ್ಲಿ ಯಂತ್ರಗಳ ಎಲುಬುಗೂಡನ್ನು ಕಂಡವರು ಅದರ ರೂಪವನ್ನು ಊಹಿಸಿಕೊಳ್ಳಬಲ್ಲರು. ಕಟ್ಟಿದವರಿಬ್ಬರಿಗೂ ಅದನ್ನು ಪಂದ್ಯದಲ್ಲಿ ಓಡಿಸುವ ಧೈರ್ಯ ಸಾಲಲಿಲ್ಲ. ಓಲ್ಡ್‌ಫೀಲ್ಡ್ ಕೆಲವೇ ದಿನಗಳಲ್ಲಿ ಕಾರು ನಡೆಸುವುದನ್ನು ಕಲಿತು, 1902ರ ಅಕ್ಟೋಬರ್ 25ರಂದು ಡೆಟ್ರಾಯಿಟ್ ಬಳಿಯ ಗ್ರಾಸ್ ಪಾಯಿಂಟ್‌ನಲ್ಲಿ ಐದು ಮೈಲಿಯನ್ನು 5 ನಿಮಿಷ 28 ಸೆಕೆಂಡಿನಲ್ಲಿ ಮುಗಿಸಿ, ಅಂದಿನ ಪ್ರಬಲ ಸ್ಪರ್ಧಿ ಅಲೆಗ್ಸಾಂಡರ್ ವಿಂಟನ್‌ನನ್ನು ಸೋಲಿಸಿದ. ಮರುವರ್ಷ ಜೂನ್ 20ರಂದು ಇಂಡಿಯಾನಾಪೊಲಿಸ್‌ನ ಜಾತ್ರೆಯ ಮೈದಾನದಲ್ಲಿ ಒಂದು ಮೈಲಿಯ ಸುತ್ತನ್ನು 59.6 ಸೆಕೆಂಡಿನಲ್ಲಿ ಪೂರೈಸಿದ. ಇಂದು ಕೆಂಗೇರಿ ದಾಟಿ ಮೈಸೂರು ದಾರಿ ಹಿಡಿದ ಬಾಡಿಗೆ ಕಾರೂ ಮುಟ್ಟಬಲ್ಲ ವೇಗವಿದು. ಅಂದು ‘ನಿಮಿಷಕ್ಕೊಂದು ಮೈಲಿ’ ಎಂಬ ಮಾತೇ ಜನರ ಮೈ ನವಿರೇಳಿಸುತ್ತಿತ್ತು.

ಅಲ್ಲಿಂದಾಚೆಗೆ ಈತನ ಬದುಕು ಊರೂರು ತಿರುಗಾಟ. ನಮ್ಮ ಗುಬ್ಬಿ ಕಂಪನಿ ಪರದೆ, ದೀಪಗಳನ್ನು ಗಂಟುಕಟ್ಟಿಕೊಂಡು ಊರಿಂದೂರಿಗೆ ಹೋಗುತ್ತಿದ್ದಂತೆ, ಓಲ್ಡ್‌ಫೀಲ್ಡ್ ಕಾರುಗಳನ್ನು ರೈಲಿಗೇರಿಸಿಕೊಂಡು ಜಾತ್ರೆಯಿಂದ ಜಾತ್ರೆಗೆ ಹೋದ. ಹಲ್ಲುಗಳ ನಡುವೆ ಚುಟ್ಟಾ ಕಚ್ಚಿರುವುದು ಅವನ ವೇಷ. ಮೂರು ಓಟಗಳಲ್ಲಿ ಒಂದನ್ನು ಗೆದ್ದು, ಒಂದನ್ನು ಸೋತು, ಕಡೆಯದನ್ನು ಕೂದಲೆಳೆಯಲ್ಲಿ ಗೆಲ್ಲುವುದು ಎಷ್ಟೋ ಊರುಗಳಲ್ಲಿ ಮೊದಲೇ ಗೊತ್ತು ಮಾಡಿಕೊಂಡ ಏರ್ಪಾಡು. ಇದನ್ನು ಮೋಸವೆಂದು ತಳ್ಳಿಹಾಕುವವರಿದ್ದಾರೆ. ನನಗೆ ಹಾಗೆನಿಸುವುದಿಲ್ಲ. ಎಂದೂ ಕಾರನ್ನು ಕಾಣದ ರೈತನಿಗೆ ಅವನು ತೋರಿಸಿದ್ದು ನಾಟಕವಾದರೂ, ವೇಗ ನಾಟಕದ್ದಾಗಿರಲಿಲ್ಲ. ಅಪಾಯವೂ ಆಗಿರಲಿಲ್ಲ. 1903ರಲ್ಲಿ ಡೆಟ್ರಾಯಿಟ್‌ನಲ್ಲಿ, 1904ರಲ್ಲಿ ಸೇಂಟ್ ಲೂಯಿಯಲ್ಲಿ ಅವನ ಕಾರು ಹಾದಿ ಬಿಟ್ಟಾಗ ನೋಡಲು ಬಂದವರೇ ಸತ್ತರು. ಬೇಲಿಗೆ ಆತು ನಿಂತ ಜನರಿಗೂ ಕಾರಿಗೂ ನಡುವೆ ಒಂದೆರಡು ಹಲಗೆಗಳಷ್ಟೇ ಇರುತ್ತಿದ್ದ ದಿನಗಳವು. ಓಲ್ಡ್‌ಫೀಲ್ಡ್ ಗಾಯ ಮಾಗಿಸಿಕೊಂಡು ಮತ್ತೆ ಕಣಕ್ಕಿಳಿದ. ಜನರೂ ಮತ್ತೆ ಬಂದರು.

1910 ಅವನ ಬಾಳಿನ ಏರುವರ್ಷ. ಮಾರ್ಚಿಯಲ್ಲಿ ಡೇಟೋನಾದ ಕಡಲ ದಂಡೆಯ ಮೇಲೆ ಬೆಂಜ್ ಕಾರಿನಲ್ಲಿ ಗಂಟೆಗೆ 131 ಮೈಲಿಗೂ ಮೀರಿದ ವೇಗ ಸಾಧಿಸಿದ. ಅದೇ ವರ್ಷ ಜುಲೈ 4ರಂದು ಕರಿಯ ಜನಾಂಗದ ಮುಷ್ಟಿಮಲ್ಲ ಜಾಕ್ ಜಾನ್ಸನ್ ರೀನೋ ನಗರದಲ್ಲಿ ಬಿಳಿಯರ ಆಶಾಕಿರಣವೆನಿಸಿದ್ದ ಜೆಫ್ರೀಸ್‌ನನ್ನು ಕೆಡವಿದ್ದ. ಆ ಗೆಲುವನ್ನು ಸಹಿಸದೆ ಹಲವು ಊರುಗಳಲ್ಲಿ ಗಲಭೆ, ಕೊಲೆಗಳಾದವು. ಈ ಜಾನ್ಸನ್‌ಗೆ ಕಾರುಗಳ ಹುಚ್ಚು. ಇಬ್ಬರ ನಡುವೆ ಪಂದ್ಯವೆಂದು ಸಾರಲಾಯಿತು. ಪಂದ್ಯಗಳನ್ನು ನಿಯಂತ್ರಿಸುತ್ತಿದ್ದ ಅಮೆರಿಕದ ಆಟೊಮೊಬೈಲ್ ಅಸೋಸಿಯೇಷನ್ ಇದಕ್ಕೆ ಮಾನ್ಯತೆ ಕೊಡಲಿಲ್ಲ. ಅಕ್ಟೋಬರ್ 25ರಂದು ನ್ಯೂಯಾರ್ಕಿನ ಶೀಪ್ಸ್‌ಹೆಡ್ ಬೇ ಕುದುರೆ ಕಣದಲ್ಲಿ, ಕ್ಯಾಮರಾಗಳ ಮುಂದೆ, ಪಂದ್ಯ ನಡೆದೇ ನಡೆಯಿತು. ಐದೈದು ಮೈಲಿಯ ಎರಡೂ ಓಟಗಳನ್ನು ಓಲ್ಡ್‌ಫೀಲ್ಡ್ ಸುಲಭವಾಗಿ ಗೆದ್ದ, ಮೂರನೆಯದು ಬೇಕಾಗಲಿಲ್ಲ. ಸಂಸ್ಥೆ ಅವನನ್ನು ಅಮಾನತಿನಲ್ಲಿಟ್ಟಿತು.

ಇಲ್ಲಿ ಅವನನ್ನು ವರ್ಣಭೇದದ ವಿರೋಧಿಯೆಂದು ಹೊಗಳಿಬಿಡುವ ಆಸೆ ಚರಿತ್ರಕಾರನಿಗೆ ಆಗಬಹುದು. ಅದು ಸಲ್ಲದು. ಅವನನ್ನು ಎಳೆದದ್ದು ಹಣ. ಬಿಳಿಯನೊಬ್ಬ ಜಾನ್ಸನ್‌ನನ್ನು ಸೋಲಿಸುವುದನ್ನು ಕಾಣಬೇಕೆಂಬ ಜನರ ಹಸಿವೇ ಆ ಹಣದ ಮೂಲ. ಆದರೂ, ಶಿಸ್ತಿನ ಹೆಸರಿನಲ್ಲಿ ಸಂಸ್ಥೆ ಮುಚ್ಚಿಟ್ಟಿದ್ದ ಬಾಗಿಲು ಆ ಎರಡು ಓಟಗಳ ಹೊತ್ತು ಎಲ್ಲರ ಕಣ್ಣಿಗೂ ಬಿತ್ತೆಂಬುದನ್ನು ಮರೆಯುವಂತಿಲ್ಲ.

ಮುಂದೆ ಅವನಿಗೆ ಕಣ ಮತ್ತೆ ತೆರೆಯಿತು. 1914ರಲ್ಲಿ ಲಾಸ್ ಏಂಜಲೀಸ್‌ನಿಂದ ಫೀನಿಕ್ಸ್‌ವರೆಗಿನ ಮರುಭೂಮಿಯ ದಾರಿಯ ಪಂದ್ಯವನ್ನು ಗೆದ್ದ. 1918ರಲ್ಲಿ ಪಂದ್ಯಗಳಿಂದ ನಿವೃತ್ತನಾದ. ಬೆಂಕಿಯಂಥ ವೇಗದಲ್ಲಿ ಕಾರು ಬಿಟ್ಟವರನ್ನು ತಡೆದ ಪೋಲೀಸರು ‘ನೀನೇನು ಬಾರ್ನಿ ಓಲ್ಡ್‌ಫೀಲ್ಡನೋ?’ ಎಂದು ಗದರುವುದು ಆ ದೇಶದಲ್ಲಿ ಗಾದೆಯೇ ಆಯಿತು. ಇಬ್ಬರೂ ತೀರಿಕೊಂಡದ್ದು 1946ರಲ್ಲಿ. ಜೂನ್ 10ರಂದು ಉತ್ತರ ಕ್ಯಾರೊಲಿನಾದ ಹೆದ್ದಾರಿಯಲ್ಲಿ ತಾನೇ ನಡೆಸುತ್ತಿದ್ದ ಕಾರಿನ ಅಪಘಾತದಲ್ಲಿ ಜಾನ್ಸನ್ ಹೋದ; ನಾಲ್ಕು ತಿಂಗಳ ತರುವಾಯ, ಅಕ್ಟೋಬರ್ 4ರಂದು, ಕ್ಯಾಲಿಫೋರ್ನಿಯಾದ ಬೆವರ್ಲಿ ಹಿಲ್ಸ್‌ನಲ್ಲಿ ಓಲ್ಡ್‌ಫೀಲ್ಡ್.