ಹೆಡ್‌ಫೋನ್ ಮತ್ತು ಅದರ ಸಾರಥಿ: ಮೈಸೂರಿನಿಂದ ಖಲೀಫಾ ಸಿಟಿಯವರೆಗೆ



ನಮ್ಮ ಖಲೀಫಾ ಸಿಟಿಯ ಯಾವ ಮನೆಗೆ ಹೋದರೂ ಒಂದೆರಡು ಹೆಡ್‌ಫೋನ್ ಇದ್ದೇ ಇರುತ್ತವೆ. ಆನ್‌ಲೈನ್ ತರಗತಿಗೆ ಒಂದು, ಆಟಕ್ಕೆ ಒಂದು, ಊರಿಗೆ ಹೋಗುವಾಗ ವಿಮಾನದಲ್ಲಿ ಹಾಕಿಕೊಳ್ಳಲು ಇನ್ನೊಂದು. ಪ್ರೌಢಶಾಲೆಯ ಮಕ್ಕಳಿರುವ ಮನೆಗಳಲ್ಲಿ ಈಚೆಗೆ ಹೊಸದೊಂದು ಬೇಡಿಕೆಯೂ ಕೇಳಿಬರುತ್ತಿದೆ: "ಅಪ್ಪಾ, ಒಳ್ಳೆಯ ಹೆಡ್‌ಫೋನ್ ಬೇಕು. ಜೊತೆಗೆ ಅದಕ್ಕೊಂದು ಆಂಪ್ಲಿಫೈಯರ್ ಕೂಡ ಬೇಕು!" ಹೆಡ್‌ಫೋನ್ ಕೊಂಡ ಮೇಲೆ ಅದನ್ನು ನಡೆಸಲು ಮತ್ತೊಂದು ಯಂತ್ರ ಏಕೆ? ಅರ್ಜುನನ ರಥಕ್ಕೆ ಸಾರಥಿ ಇದ್ದ ಹಾಗೆ ಹೆಡ್‌ಫೋನಿಗೂ ಒಬ್ಬ ಸಾರಥಿ ಬೇಕೇ? ಉತ್ತರ ಇತಿಹಾಸದಲ್ಲಿದೆ. ಆ ಇತಿಹಾಸದಲ್ಲಿ ನಮ್ಮ ಮೈಸೂರು, ಬೆಂಗಳೂರುಗಳಿಗೂ ಜಾಗವಿದೆ. ಬನ್ನಿ, ನೋಡೋಣ.

ಸಾರಥಿಯೇ ಇಲ್ಲದ ಕಾಲ

1910ರಲ್ಲಿ ಅಮೆರಿಕದ ಯೂಟಾ ರಾಜ್ಯದ ನಥಾನಿಯಲ್ ಬಾಲ್ಡ್‌ವಿನ್ ಎಂಬಾತ ತನ್ನ ಅಡುಗೆಮನೆಯ ಮೇಜಿನ ಮೇಲೆ ಒಂದು ಜೊತೆ ಹೆಡ್‌ಫೋನ್ ತಯಾರಿಸಿ ಅಮೆರಿಕದ ನೌಕಾಪಡೆಗೆ ಕಳುಹಿಸಿದ. ನೌಕಾಪಡೆಯವರು ಪರೀಕ್ಷಿಸಿ ನೋಡಿದಾಗ, ತಮ್ಮ ಬಳಿ ಇದ್ದ ಸಾಧನಗಳಿಗಿಂತ ಅದು ಎಷ್ಟೋ ಚೆನ್ನಾಗಿ ಕೇಳಿಸಿತು. ಆಗ ಸಂಗೀತ ಕೇಳುವುದು ಯಾರ ಗುರಿಯೂ ಆಗಿರಲಿಲ್ಲ. ದೂರದ ಹಡಗಿನಿಂದ ಬರುವ ಕ್ಷೀಣವಾದ ತಂತಿ ಸಂಕೇತ ಕಿವಿಗೆ ಬಿದ್ದರೆ ಸಾಕಾಗಿತ್ತು.

ಮುಂದೆ ರೇಡಿಯೊ ಬಂದಾಗ ಬಡವರ ರೇಡಿಯೊ ಎಂದರೆ ಕ್ರಿಸ್ಟಲ್ ಸೆಟ್. ಅದಕ್ಕೆ ಬ್ಯಾಟರಿಯೂ ಬೇಡ, ಕರೆಂಟೂ ಬೇಡ. ಉದ್ದದ ತಂತಿಯೊಂದು ಗಾಳಿಯಲ್ಲಿರುವ ರೇಡಿಯೊ ಅಲೆಗಳಿಂದ ಹಿಡಿಯುವ ಅತ್ಯಲ್ಪ ಶಕ್ತಿಯೇ ಹೆಡ್‌ಫೋನನ್ನು ನಡೆಸಬೇಕಿತ್ತು. ಶಕ್ತಿ ಅಷ್ಟು ಕಡಿಮೆ ಇದ್ದುದರಿಂದ ಹೆಡ್‌ಫೋನ್ ತುಂಬ ಸೂಕ್ಷ್ಮವಾಗಿರಬೇಕಾಯಿತು. ಅದಕ್ಕಾಗಿ ತಲೆಗೂದಲಿನಷ್ಟು ತೆಳ್ಳಗಿನ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತುತ್ತಿದ್ದರು. ಹೀಗೆ ಸುತ್ತಿದಾಗ ಹೆಡ್‌ಫೋನಿನ ತಡೆ ಸುಮಾರು 2000 ಓಮ್‌ನಿಂದ 4000 ಓಮ್‌ವರೆಗೆ ಹೋಗುತ್ತಿತ್ತು. ಈ 'ಓಮ್' ಎಂಬ ಪದವನ್ನು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತದೆ.

ಕ್ರಿಸ್ಟಲ್ ಸೆಟ್ಟಿನಲ್ಲಿ ಒಬ್ಬರು ಮಾತ್ರ ಕೇಳಬಹುದಿತ್ತು. ಇಡೀ ಮನೆಗೆ ಕೇಳಿಸಬೇಕಾದರೆ ಜನ ಒಂದು ಉಪಾಯ ಮಾಡುತ್ತಿದ್ದರು: ಹೆಡ್‌ಫೋನನ್ನು ದೊಡ್ಡ ಬಟ್ಟಲಿನೊಳಗೆ ಇಟ್ಟು ಸುತ್ತಲೂ ಕೂರುತ್ತಿದ್ದರು. ನೀವೂ ಫೋನಿನಲ್ಲಿ ಹಾಡು ಹಾಕಿ ಅದನ್ನು ಸ್ಟೀಲ್ ಪಾತ್ರೆಯಲ್ಲಿಟ್ಟು ನೋಡಿ, ದನಿ ಹೇಗೆ ಹಿಗ್ಗುತ್ತದೆಂದು ಗೊತ್ತಾಗುತ್ತದೆ.

ಮೈಸೂರಿನ ಒಂದು ಮನೆ

1935ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆ 'ವಿಠ್ಠಲ ವಿಹಾರ'ದಲ್ಲೇ ಒಂದು ಪುಟ್ಟ ಬಾನುಲಿ ಕೇಂದ್ರ ಆರಂಭಿಸಿದರು. ಅವರು ಲಂಡನ್ನಿನಲ್ಲಿ ಓದಿ ಬಂದಿದ್ದ ವಿದ್ವಾಂಸರು. ಆ ಕೇಂದ್ರದ ಪ್ರೇಷಕ ಯಂತ್ರದ ಶಕ್ತಿ ಕೇವಲ 30 ವ್ಯಾಟ್. ನಿಮ್ಮ ಮನೆಯ ಸೀಲಿಂಗ್ ಫ್ಯಾನ್ ತಿರುಗಲು ಇದಕ್ಕಿಂತ ಹೆಚ್ಚು ಶಕ್ತಿ ಬೇಕಾಗಬಹುದು! ನಂತರ 250 ವ್ಯಾಟ್‌ನ ಯಂತ್ರ ಬಂತು. ಈ ಕೇಂದ್ರಕ್ಕೆ ಇಟ್ಟ ಹೆಸರು 'ಆಕಾಶವಾಣಿ'. ಮುಂದೆ ಭಾರತದ ಇಡೀ ಸರ್ಕಾರಿ ಬಾನುಲಿಗೆ ಅದೇ ಹೆಸರು ಬಂತು. ಗೋಪಾಲಸ್ವಾಮಿಯವರು ಕೆಲವು ವರ್ಷ ಕೇಂದ್ರವನ್ನು ನಡೆಸಿದ ಮೇಲೆ ಮೈಸೂರು ಸಂಸ್ಥಾನ ಅದನ್ನು ವಹಿಸಿಕೊಂಡಿತು.

ಇದನ್ನೇಕೆ ಹೇಳಿದೆವು? ಇಲ್ಲೊಂದು ಪಾಠವಿದೆ. ಕಳುಹಿಸುವ ಯಂತ್ರ ಚಿಕ್ಕದಾದರೆ ಕೇಳುವ ಯಂತ್ರ ಚುರುಕಾಗಿರಬೇಕು. ಕೇಳುವ ಯಂತ್ರ ಮಂದವಾದರೆ ಅದನ್ನು ನಡೆಸುವ ಯಂತ್ರ ಬಲವಾಗಿರಬೇಕು. ನೂರು ವರ್ಷಗಳ ಹೆಡ್‌ಫೋನ್ ಇತಿಹಾಸವೆಲ್ಲ ಈ ಹೊಂದಾಣಿಕೆಯ ಕಥೆಯೇ.

ಅರಮನೆಯ ರಸಿಕ

ಸಾರಥಿ ಬಂದದ್ದು ವಾಲ್ವಿನ ರೂಪದಲ್ಲಿ. 1906ರಲ್ಲಿ ಅಮೆರಿಕದ ಲೀ ಡಿ ಫಾರೆಸ್ಟ್ ಕಂಡುಹಿಡಿದ ಮೂರು ಭಾಗಗಳ ಗಾಜಿನ ವಾಲ್ವು, ಸಣ್ಣ ಸಂಕೇತವನ್ನು ದೊಡ್ಡದು ಮಾಡುವ ದಾರಿ ತೆರೆಯಿತು. ಆಂಪ್ಲಿಫೈಯರ್ ಹುಟ್ಟಿದ್ದು ಹೀಗೆ. ಅದರ ಬಲದಿಂದ ಲೌಡ್‌ಸ್ಪೀಕರ್ ಬಂತು, ದನಿ ಕಿವಿಯಿಂದ ಬಿಡುಗಡೆಯಾಗಿ ಕೋಣೆ ತುಂಬಿತು.

ಹೀಗೆ ತುಂಬಿದ ಕೋಣೆಗಳಲ್ಲಿ ಒಂದು ಮೈಸೂರು ಅರಸರದು. 1940ರಲ್ಲಿ ಪಟ್ಟಕ್ಕೆ ಬಂದ ಜಯಚಾಮರಾಜೇಂದ್ರ ಒಡೆಯರ್ ಅವರು ಕರ್ನಾಟಕ ಸಂಗೀತದಲ್ಲಿ 94 ಕೃತಿಗಳನ್ನು ರಚಿಸಿದವರು. ಪಾಶ್ಚಾತ್ಯ ಸಂಗೀತವನ್ನೂ ಆಳವಾಗಿ ಬಲ್ಲವರು, ಪಿಯಾನೋ ಕಲಿತವರು. ಅವರಲ್ಲಿ ಸಾವಿರಾರು ಗ್ರಾಮಫೋನ್ ತಟ್ಟೆಗಳ ದೊಡ್ಡ ಸಂಗ್ರಹವಿತ್ತು. ಇಂಗ್ಲೆಂಡಿನ ಹೆಸರಾಂತ ರೆಕಾರ್ಡ್ ನಿರ್ಮಾಪಕ ವಾಲ್ಟರ್ ಲೆಗ್ ಮೈಸೂರಿಗೆ ಬಂದಾಗ ಆ ಸಂಗ್ರಹವನ್ನೂ ಅಲ್ಲಿದ್ದ ಬಗೆಬಗೆಯ ಲೌಡ್‌ಸ್ಪೀಕರ್‌ಗಳನ್ನೂ ಕಂಡು ಬೆರಗಾದರು. ಒಂದೇ ಹಾಡನ್ನು ಬೇರೆ ಬೇರೆ ಉಪಕರಣದಲ್ಲಿ ಕೇಳಿ ಹೋಲಿಸುವ ಹವ್ಯಾಸ ಇಂದು ಲೋಕದ ತುಂಬ ಇದೆ. ಅದಕ್ಕೆ ಬೇಕಾದ ಸಲಕರಣೆಯೆಲ್ಲ ಆಗಲೇ ನಮ್ಮ ಮೈಸೂರಿನಲ್ಲಿತ್ತು.

ಆದರೆ ಅರಸರು ಉಪಕರಣ ಕೊಳ್ಳುವುದಕ್ಕೇ ನಿಲ್ಲಲಿಲ್ಲ. ಲಂಡನ್ನಿನಲ್ಲಿ ನೆಲೆಸಿದ್ದ ನಿಕೊಲಾಯ್ ಮೆಟ್ನರ್ ಎಂಬ ರಷ್ಯನ್ ಸಂಗೀತಗಾರ ವಯಸ್ಸಾಗಿ, ಆರೋಗ್ಯ ಕೆಟ್ಟು, ಮರೆವಿಗೆ ಸರಿಯುತ್ತಿದ್ದರು. ಅವರ ಸಂಗೀತ ಮೆಚ್ಚಿದ್ದ ಮೈಸೂರು ಅರಸರು 'ಮೆಟ್ನರ್ ಸೊಸೈಟಿ' ಸ್ಥಾಪಿಸಿ, ಹಣ ಕೊಟ್ಟು, ಆ ಸಂಗೀತವನ್ನು ಸ್ವತಃ ಮೆಟ್ನರ್ ಅವರಿಂದಲೇ ನುಡಿಸಿ ಧ್ವನಿಮುದ್ರಿಸುವಂತೆ ಮಾಡಿದರು. ಮೆಟ್ನರ್ ತಮ್ಮ ಮೂರನೆಯ ಪಿಯಾನೋ ಕನ್ಚರ್ಟೋವನ್ನು ಮೈಸೂರು ಮಹಾರಾಜರಿಗೇ ಅರ್ಪಿಸಿದ್ದಾರೆ. 1951ರಲ್ಲಿ ಅವರು ತೀರಿಕೊಂಡರು. ಅವರ ಕೈಬೆರಳುಗಳ ದನಿ ಮಾತ್ರ ಉಳಿಯಿತು. ಇಂದು ನೀವು ಖಲೀಫಾ ಸಿಟಿಯಲ್ಲಿ ಕುಳಿತು ಅದನ್ನು ಕೇಳಲು ಸಾಧ್ಯವಾಗಿರುವುದರಲ್ಲಿ ಒಬ್ಬ ಕನ್ನಡ ನಾಡಿನ ದೊರೆಯ ಪಾಲಿದೆ. ಉಪಕರಣಕ್ಕೆ ಬೆಲೆ ಬರುವುದು ಅದರೊಳಗೆ ಹರಿಯುವ ಸಂಗೀತದಿಂದ ಎಂಬುದನ್ನು ಅವರು ಬಲ್ಲವರಾಗಿದ್ದರು.

ಬೆಂಗಳೂರಿನ ವಾಲ್ವುಗಳು

1947ರ ಡಿಸೆಂಬರಿನಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಟ್ರಾನ್ಸಿಸ್ಟರ್ ಹುಟ್ಟಿತು. ಬಿಸಿಯಾಗುವ ಗಾಜಿನ ಬುರುಡೆಯ ಕೆಲಸವನ್ನು ಕಡಲೆಕಾಳಿನಷ್ಟು ವಸ್ತು ಮಾಡುವ ಕಾಲ ಶುರುವಾಯಿತು. ಭಾರತದಲ್ಲಿ ಈ ಎರಡೂ ಯುಗಗಳು ಸೇರಿದ ಊರು ಬೆಂಗಳೂರು. 1954ರಲ್ಲಿ ಅಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆ ಸ್ಥಾಪನೆಯಾಯಿತು. 1961ರಲ್ಲಿ ಅದು ರೇಡಿಯೊ ವಾಲ್ವುಗಳ ತಯಾರಿಕೆ ಆರಂಭಿಸಿತು. ಮರುವರ್ಷವೇ ಜರ್ಮೇನಿಯಂ ಅರೆವಾಹಕಗಳು, 1964ರಲ್ಲಿ ಆಕಾಶವಾಣಿಗೆ ಪ್ರೇಷಕ ಯಂತ್ರಗಳು ಬಂದವು. ನಿಮ್ಮ ಅಜ್ಜನ ಕಾಲದ ರೇಡಿಯೊ ಊರಿನ ಮನೆಯ ಅಟ್ಟದಲ್ಲಿ ಇನ್ನೂ ಇದ್ದರೆ, ಅದರೊಳಗೆ ಬೆಂಗಳೂರಿನ ವಾಲ್ವು ಇದ್ದರೂ ಇರಬಹುದು. (ಮಕ್ಕಳೇ, ನೀವಾಗಿ ಬಿಚ್ಚಬೇಡಿ. ವಾಲ್ವು ರೇಡಿಯೊದೊಳಗೆ ಅಪಾಯಕಾರಿ ವೋಲ್ಟೇಜ್ ಇರುತ್ತದೆ. ದೊಡ್ಡವರನ್ನು ಕೇಳಿ.)

ಮತ್ತೆ ಕಿವಿಗೆ ಬಂದ ದನಿ

ಲೌಡ್‌ಸ್ಪೀಕರ್ ಬಂದ ಮೇಲೆ ಹೆಡ್‌ಫೋನ್ ಬಹುಕಾಲ ಸೈನಿಕರ, ಟೆಲಿಫೋನ್ ಆಪರೇಟರುಗಳ ಮತ್ತು ಸ್ಟುಡಿಯೊದವರ ವಸ್ತುವಾಗಿಯೇ ಉಳಿಯಿತು. 1937ರಲ್ಲಿ ಜರ್ಮನಿಯ ಬೇಯರ್ ಕಂಪನಿ ತಂದ ಡಿಟಿ 48 ಎಂಬ ಹೆಡ್‌ಫೋನಿನಲ್ಲಿ ಇಂದಿನ ಹೆಚ್ಚಿನ ಹೆಡ್‌ಫೋನ್‌ಗಳ ತತ್ವವೇ ಇತ್ತು: ಆಯಸ್ಕಾಂತದ ನಡುವೆ ಅಲುಗುವ ತಂತಿ ಸುರುಳಿ, ಅದಕ್ಕೆ ಅಂಟಿದ ತೆಳು ಪೊರೆ. 1958ರಲ್ಲಿ ಅಮೆರಿಕದ ಮಿಲ್ವಾಕಿಯಲ್ಲಿ ಜಾನ್ ಕಾಸ್, ಸಂಗೀತ ಕೇಳುವುದಕ್ಕೆಂದೇ ಸ್ಟೀರಿಯೊ ಹೆಡ್‌ಫೋನನ್ನು ಜನರ ಮುಂದಿಟ್ಟರು.

ಆಮೇಲೆ ಎರಡು ದಾರಿಗಳು ಕವಲೊಡೆದವು. ಜಪಾನಿನ ಸ್ಟ್ಯಾಕ್ಸ್ ಕಂಪನಿ ಸುರುಳಿಯನ್ನೇ ಬಿಟ್ಟು, ಅತಿ ತೆಳುವಾದ ಪೊರೆಯನ್ನು ಸ್ಥಿರ ವಿದ್ಯುತ್ತಿನಿಂದ ಅಲುಗಿಸುವ ಎಲೆಕ್ಟ್ರೋಸ್ಟ್ಯಾಟಿಕ್ ಹೆಡ್‌ಫೋನ್ ಮಾಡಿತು. ದನಿ ಬಹಳ ಸ್ವಚ್ಛ. ಆದರೆ ಅದಕ್ಕೆ ನೂರಾರು ವೋಲ್ಟ್ ಬೇಕು, ಪ್ರತ್ಯೇಕ ಸಾರಥಿ ಇಲ್ಲದೆ ಅದು ಒಂದು ಸ್ವರವನ್ನೂ ನುಡಿಯದು. ಇನ್ನೊಂದು ದಾರಿ ಜರ್ಮನಿಯ ಸೆನ್‌ಹೈಸರ್ ಕಂಪನಿಯದು. 1968ರಲ್ಲಿ ಬಂದ ಅವರ ಎಚ್‌ಡಿ 414, ಹಿಂಬದಿ ತೆರೆದಿದ್ದ ಹಗುರ ಹೆಡ್‌ಫೋನ್. ಹಳದಿ ಸ್ಪಂಜಿನ ಈ ಹೆಡ್‌ಫೋನ್ ಲಕ್ಷಗಟ್ಟಲೆ ಮನೆಗಳನ್ನು ಸೇರಿತು.

ಅದೇ ಕಂಪನಿ 1991ರಲ್ಲಿ 'ಆರ್ಫಿಯಸ್' ಎಂಬ ಜೋಡಿಯನ್ನು ತಂದಿತು: ಒಂದು ಎಲೆಕ್ಟ್ರೋಸ್ಟ್ಯಾಟಿಕ್ ಹೆಡ್‌ಫೋನ್, ಅದಕ್ಕೇ ಹೇಳಿ ಮಾಡಿಸಿದ ವಾಲ್ವು ಆಂಪ್ಲಿಫೈಯರ್. ಮಾಡಿದ್ದು ಸುಮಾರು 300 ಜೋಡಿ ಮಾತ್ರ. 2015ರಲ್ಲಿ ಪ್ರಕಟವಾದ ಅದರ ಉತ್ತರಾಧಿಕಾರಿಯ ಆಂಪ್ಲಿಫೈಯರನ್ನು ಅಮೃತಶಿಲೆಯಲ್ಲಿ ಕೂರಿಸಿದ್ದಾರೆ. ಅದರ ಬೆಲೆ ಒಂದು ಒಳ್ಳೆಯ ಕಾರಿನಷ್ಟು. ಗಮನಿಸಿ, ಇಲ್ಲಿ ಹೆಡ್‌ಫೋನನ್ನೂ ಸಾರಥಿಯನ್ನೂ ಜೋಡಿಯಾಗಿಯೇ ರೂಪಿಸಿದ್ದಾರೆ.

ಜೇಬಿಗೆ ಬಂದ ಸಂಗೀತ, ಕೊಲ್ಲಿಯಿಂದ ಹೋದ ದನಿ

1979ರ ಜುಲೈನಲ್ಲಿ ಜಪಾನಿನ ಸೋನಿ ಕಂಪನಿ ವಾಕ್‌ಮನ್ ಬಿಡುಗಡೆ ಮಾಡಿತು. ಇದಕ್ಕೆ ಎರಡು ಪುಟ್ಟ ಬ್ಯಾಟರಿಗಳೇ ಆಧಾರ. ಆದ್ದರಿಂದ ಹೆಡ್‌ಫೋನ್ ಕೂಡ ಸ್ವಲ್ಪ ಶಕ್ತಿಗೇ ಚೆನ್ನಾಗಿ ಹಾಡುವಂಥದ್ದಾಗಬೇಕಾಯಿತು. ಆ ಮೊದಲ ವಾಕ್‌ಮನ್ನಿನಲ್ಲಿ ಎರಡು ಹೆಡ್‌ಫೋನ್ ಸಿಕ್ಕಿಸುವ ಜಾಗವಿತ್ತು. ಇಬ್ಬರು ಜೊತೆಯಾಗಿ ಕೇಳಲಿ ಎಂಬುದು ಆಶಯ.

ಅದೇ ಕಾಲದಲ್ಲಿ ಮಂಗಳೂರು, ಉಡುಪಿ, ಭಟ್ಕಳ, ಕಾಸರಗೋಡುಗಳಿಂದ ಬಹಳ ಜನ ಈ ಕೊಲ್ಲಿ ನಾಡುಗಳಿಗೆ ದುಡಿಯಲು ಬರುತ್ತಿದ್ದರು. ಊರಿಗೆ ಹೋಗುವಾಗ ಪೆಟ್ಟಿಗೆಯಲ್ಲಿ 'ಟೂ ಇನ್ ಒನ್' ಇರಲೇಬೇಕು. ಫೋನ್ ಕರೆ ತುಂಬ ದುಬಾರಿಯಾಗಿದ್ದ ಆ ದಿನಗಳಲ್ಲಿ ಎಷ್ಟೋ ಜನ ಕ್ಯಾಸೆಟ್ಟಿನಲ್ಲಿ ತಮ್ಮ ಮಾತು ತುಂಬಿ ಊರಿಗೆ ಹೋಗುವವರ ಕೈಯಲ್ಲಿ ಕಳುಹಿಸುತ್ತಿದ್ದರು. ಅಲ್ಲಿ ತಾಯಿ, ಮಡದಿ, ಮಕ್ಕಳು ಅದನ್ನು ಕೇಳಿ, ತಮ್ಮ ದನಿ ತುಂಬಿ ಮರಳಿ ಕಳುಹಿಸುತ್ತಿದ್ದರು. ಆ ಟೇಪ್ ರೆಕಾರ್ಡರಿನ ಗುಣಮಟ್ಟ ಯಾರೂ ಅಳೆಯಲಿಲ್ಲ. ದನಿ ಯಾರದೆಂಬುದೇ ಮುಖ್ಯವಾಗಿತ್ತು.

ಹಾಗಾದರೆ ಸಾರಥಿ ಬೇಕೇ, ಬೇಡವೇ?

ಈಗ ನಮ್ಮ ಪ್ರಶ್ನೆಗೆ ಬರೋಣ. ತೋಟಕ್ಕೆ ನೀರು ಬಿಡುವುದನ್ನು ನೆನೆಯಿರಿ. ಪೈಪು ಕಿರಿದಾದರೆ ಪಂಪಿಗೆ ಒತ್ತಡ ಬೇಕು, ಪೈಪು ಅಗಲವಾದರೆ ಪಂಪು ಹೆಚ್ಚು ನೀರು ಹರಿಸಬೇಕು. ವೋಲ್ಟೇಜ್ ಎಂದರೆ ಒತ್ತಡ, ಕರೆಂಟ್ ಎಂದರೆ ಹರಿವು, ಓಮ್ ಎಂದರೆ ಪೈಪಿನ ಇಕ್ಕಟ್ಟು.

ಒಂದು ಸಣ್ಣ ಸಾಧನ 1 ವೋಲ್ಟ್ ಕೊಡುತ್ತದೆ ಎಂದುಕೊಳ್ಳಿ. ವೋಲ್ಟಿನ ವರ್ಗವನ್ನು ಓಮಿನಿಂದ ಭಾಗಿಸಿದರೆ ಶಕ್ತಿ ಸಿಗುತ್ತದೆ. 32 ಓಮ್ ಹೆಡ್‌ಫೋನಿಗೆ ಸುಮಾರು 31 ಮಿಲಿವ್ಯಾಟ್ ಹೋಗುತ್ತದೆ. 300 ಓಮ್ ಹೆಡ್‌ಫೋನಿಗೆ ಹೋಗುವುದು ಸುಮಾರು 3.3 ಮಿಲಿವ್ಯಾಟ್. ಹತ್ತು ಪಟ್ಟು ಕಡಿಮೆ! 300 ಓಮ್ ಹೆಡ್‌ಫೋನ್ ಫೋನಿನಲ್ಲಿ ಮೆತ್ತಗೆ ಕೇಳಿಸಲು ಇದು ಒಂದು ಕಾರಣ.

ಆದರೆ ಇಲ್ಲೇ ಅವಸರ ಬೇಡ. ಅನೇಕ ಹೆಡ್‌ಫೋನ್‌ಗಳು 1 ಮಿಲಿವ್ಯಾಟಿಗೇ 95ರಿಂದ 105 ಡೆಸಿಬೆಲ್ ಸದ್ದು ಮಾಡುತ್ತವೆ. ಎಂದರೆ ಆ 3.3 ಮಿಲಿವ್ಯಾಟ್ ಕೂಡ ದಿನನಿತ್ಯದ ಕೇಳುವಿಕೆಗೆ ಬೇಕಾದಷ್ಟಾಯಿತು. ಎಲೆಕ್ಟ್ರೋಸ್ಟ್ಯಾಟಿಕ್ ಹೆಡ್‌ಫೋನಿಗೆ ಸಾರಥಿ ಬೇಕೇ ಬೇಕು. ಕೆಲವು ಮಂದ ಹೆಡ್‌ಫೋನ್‌ಗಳಿಗೂ ಬೇಕು. ಉಳಿದ ಬಹುಪಾಲಿಗೆ ಫೋನು, ಲ್ಯಾಪ್‌ಟಾಪು ಸಾಕು. ಹಾಗಾಗಿ ಪೋಷಕರೇ, ಅಂಗಡಿಗೆ ಹೋದಾಗ ಬೆಲೆಗಿಂತ ಮೊದಲು ಪೆಟ್ಟಿಗೆಯ ಮೇಲಿನ ಎರಡು ಸಂಖ್ಯೆ ನೋಡಿ: ಎಷ್ಟು ಓಮ್, ಎಷ್ಟು ಡೆಸಿಬೆಲ್. ಹೋಲಿಸಿ ಕೇಳುವಾಗ ಎರಡರ ವಾಲ್ಯೂಮ್ ಸಮನಾಗಿರಲಿ. ಸ್ವಲ್ಪ ಜೋರಾಗಿರುವುದೇ ಚೆನ್ನಾಗಿದೆ ಎಂದು ನಮ್ಮ ಕಿವಿ ಮೋಸಹೋಗುತ್ತದೆ.

ಬದಲಿಸಲಾಗದ ಭಾಗ

ಹೆಡ್‌ಫೋನ್ ಕೆಟ್ಟರೆ ಇನ್ನೊಂದು ತರಬಹುದು, ಆಂಪ್ಲಿಫೈಯರ್ ಸುಟ್ಟರೆ ರಿಪೇರಿ ಮಾಡಿಸಬಹುದು. ಕಿವಿಯೊಳಗಿನ ಸೂಕ್ಷ್ಮ ರೋಮಕೋಶಗಳು ಸತ್ತರೆ ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಕೊಟ್ಟ ಮಾನದಂಡ ಹೀಗಿದೆ: ದೊಡ್ಡವರಿಗೆ ವಾರಕ್ಕೆ 40 ಗಂಟೆ 80 ಡೆಸಿಬೆಲ್, ಮಕ್ಕಳಿಗೆ ವಾರಕ್ಕೆ 40 ಗಂಟೆ 75 ಡೆಸಿಬೆಲ್. ಸದ್ದು 3 ಡೆಸಿಬೆಲ್ ಏರಿದಂತೆಲ್ಲ ಸಮಯ ಅರ್ಧಕ್ಕಿಳಿಯುತ್ತದೆ. ಲೆಕ್ಕ ಮಾಡಿ ನೋಡಿ ಮಕ್ಕಳೇ: 90 ಡೆಸಿಬೆಲ್‌ನಲ್ಲಿ ಕೇಳಿದರೆ ನಿಮ್ಮ ಇಡೀ ವಾರದ ಪಾಲು ಒಂದೂಕಾಲು ಗಂಟೆಗೇ ಮುಗಿಯುತ್ತದೆ. ಬಲವಾದ ಸಾರಥಿ ಸೂಕ್ಷ್ಮವಾದ ಹೆಡ್‌ಫೋನಿಗೆ ಸಿಕ್ಕರೆ ಈ ಗಡಿ ದಾಟುವುದು ಗೊತ್ತೇ ಆಗುವುದಿಲ್ಲ.

ಶಾಲಾ ಬಸ್ಸಿನಲ್ಲಿ, ವಿಮಾನದಲ್ಲಿ ನಾವು ವಾಲ್ಯೂಮ್ ಏರಿಸುವುದು ಹೊರಗಿನ ಗದ್ದಲ ಮುಚ್ಚಲೆಂದು. 1978ರಲ್ಲಿ ಜ್ಯೂರಿಕ್‌ನಿಂದ ಬೋಸ್ಟನ್‌ಗೆ ಹಾರುತ್ತಿದ್ದ ಅಮರ್ ಬೋಸ್ ಅವರಿಗೂ ಇದೇ ತೊಂದರೆಯಾಯಿತು. ಬಂಗಾಳದ ಸ್ವಾತಂತ್ರ್ಯ ಹೋರಾಟಗಾರರ ಮಗನಾದ ಅವರು ವಿಮಾನದಲ್ಲೇ ಲೆಕ್ಕ ಹಾಕತೊಡಗಿದರು. ಗದ್ದಲದ ಅಲೆಗೆ ಎದುರಾಗಿ ಇನ್ನೊಂದು ಅಲೆ ಹುಟ್ಟಿಸಿ ಎರಡನ್ನೂ ಅಳಿಸುವ ಹೆಡ್‌ಫೋನ್ ಆ ಯೋಚನೆಯಿಂದ ಬಂತು. ಇಂಥ ಹೆಡ್‌ಫೋನಿನ ದೊಡ್ಡ ಉಪಕಾರವೆಂದರೆ, ಕಡಿಮೆ ವಾಲ್ಯೂಮಿನಲ್ಲೇ ಎಲ್ಲವೂ ಕೇಳಿಸುತ್ತದೆ.

ಈ ತಿಂಗಳ ಮನೆಗೆಲಸ ಇಷ್ಟೇ. ವಾರಾಂತ್ಯದಲ್ಲಿ ಊರಿಗೆ ಕರೆ ಮಾಡಿದಾಗ ಅಜ್ಜ ಅಜ್ಜಿಯರನ್ನು ಕೇಳಿ: ನಿಮ್ಮ ಮನೆಗೆ ಮೊದಲು ಬಂದ ರೇಡಿಯೊ ಯಾವುದು, ಯಾರು ತಂದರು, ಅದರಲ್ಲಿ ಏನು ಕೇಳುತ್ತಿದ್ದಿರಿ? ಉತ್ತರವನ್ನು ಕನ್ನಡದಲ್ಲಿ ಹತ್ತು ಸಾಲು ಬರೆದು ತರಗತಿಗೆ ತನ್ನಿ. ಅವರ ಅನುಮತಿ ಪಡೆದು ಆ ಮಾತನ್ನು ಫೋನಿನಲ್ಲಿ ಮುದ್ರಿಸಿಟ್ಟುಕೊಳ್ಳಿ. ಕೇಳುವಾಗ ಮಾತ್ರ ಹೆಡ್‌ಫೋನ್ ತೆಗೆದಿಡಿ, ಮನೆಯವರೆಲ್ಲರೂ ಕೇಳಲಿ.