ಮಂಡಕಳ್ಳಿಯ ರನ್‌ವೇ, ಬೆಂಗಳೂರಿನ ಕಾರ್ಖಾನೆ

ಮೈಸೂರಿಗೆ ವಿಮಾನ ನಿಲ್ದಾಣ ಬಂದದ್ದು 2010ರಲ್ಲಿ ಎಂದುಕೊಂಡವರು ಊರಿನಲ್ಲೇ ಬಹಳ ಮಂದಿ ಇದ್ದಾರೆ. ಟರ್ಮಿನಲ್ ಕಟ್ಟಡದ ಉದ್ಘಾಟನೆ ಆ ವರ್ಷದ ಮೇ 15ರಂದು ನಡೆದದ್ದು ನಿಜ. ಆದರೆ ಚಾಮುಂಡಿ ಬೆಟ್ಟದ ಮೇಲಿಂದ ದಕ್ಷಿಣಕ್ಕೆ, ನಂಜನಗೂಡಿನ ದಿಕ್ಕಿಗೆ ಕಣ್ಣು ಹಾಯಿಸಿದರೆ ಕಾಣುವ ಆ ರನ್‌ವೇಯ ಕಥೆ ಶುರುವಾಗುವುದು ಅದಕ್ಕಿಂತ ಎಪ್ಪತ್ತು ವರ್ಷ ಹಿಂದೆ. ಮಂಡಕಳ್ಳಿಯಲ್ಲಿ ಮೈಸೂರು ಸಂಸ್ಥಾನ ವಿಮಾನ ನಿಲ್ದಾಣ ಕಟ್ಟಿಸಿದ್ದು 1940ರಲ್ಲಿ. ಅದೇ 1940ರ ಡಿಸೆಂಬರ್ 23ರಂದು ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ಹುಟ್ಟಿಕೊಂಡಿತು. ಒಂದೇ ಸಂಸ್ಥಾನ, ಅದೇ ದಿವಾನರು, ಅದೇ ವರ್ಷ. ಆಮೇಲೆ ಒಂದರ ಹಾದಿ ಒಂದು ಕಡೆಗೆ, ಇನ್ನೊಂದರ ಹಾದಿ ಮತ್ತೊಂದು ಕಡೆಗೆ. ಯಾಕೆ ಹೀಗಾಯಿತು ಎಂದು ನೋಡುತ್ತ ಹೋದರೆ ಮೈಸೂರು ಸೀಮೆಯ ವಿಮಾನಯಾನದ ಚರಿತ್ರೆ ತಾನಾಗಿ ಬಿಚ್ಚಿಕೊಳ್ಳುತ್ತದೆ.

ಆ ವರ್ಷ ಸಂಸ್ಥಾನದ ಪಾಲಿಗೆ ಸಾಮಾನ್ಯ ವರ್ಷವಾಗಿರಲಿಲ್ಲ. ಆಗಸ್ಟ್ 3ರಂದು ನಾಲ್ವಡಿ ಕೃಷ್ಣರಾಜ ಒಡೆಯರು ತೀರಿಕೊಂಡರು. ಸೆಪ್ಟೆಂಬರ್‌ನಲ್ಲಿ ಪಟ್ಟಕ್ಕೆ ಬಂದ ಜಯಚಾಮರಾಜ ಒಡೆಯರಿಗೆ ಇಪ್ಪತ್ತೊಂದು ವರ್ಷ. ಆಡಳಿತದ ಲಗಾಮು 1926ರಿಂದಲೂ ದಿವಾನ್ ಸರ್ ಮಿರ್ಜಾ ಇಸ್ಮಾಯಿಲ್ ಅವರ ಕೈಯಲ್ಲಿತ್ತು. ಕಾರ್ಖಾನೆ ಎಂದರೆ ಹಿಂದೆಮುಂದೆ ನೋಡುವ ದಿವಾನರಲ್ಲ ಅವರು. ಶಿವನಸಮುದ್ರದ ವಿದ್ಯುತ್ತು, ಭದ್ರಾವತಿಯ ಕಬ್ಬಿಣ, ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟು, ಒಣ ಹವೆ — ಬಂಡವಾಳಗಾರನ ಮುಂದೆ ಹರಡಲು ಅವರ ಬಳಿ ಸಾಕಷ್ಟು ಸರಕಿತ್ತು.

ಬಂಡವಾಳಗಾರ ಬಂದದ್ದು ಮುಂಬಯಿಯಿಂದ. ವಾಲ್‌ಚಂದ್ ಹೀರಾಚಂದ್ ಹಡಗು, ಮೋಟಾರು, ವಿಮಾನ ಮೂರನ್ನೂ ಈ ದೇಶದಲ್ಲೇ ಮಾಡಬೇಕೆಂದು ಹಟ ಹಿಡಿದಿದ್ದವರು. ಮೋಟಾರು ಕಾರ್ಖಾನೆಗಾಗಿ ಸರ್ ಎಂ. ವಿಶ್ವೇಶ್ವರಯ್ಯನವರೂ ಅವರೂ ವರ್ಷಗಟ್ಟಲೆ ಓಡಾಡಿದ್ದರು. ಮೈಸೂರು ಸರ್ಕಾರ ಒಪ್ಪಿದರೂ ಭಾರತ ಸರ್ಕಾರ ಕೈ ಕೊಟ್ಟಿತು. ವಿಮಾನದ ವಿಷಯದಲ್ಲಿ ಹಾಗಾಗದೆ ಇದ್ದದ್ದಕ್ಕೆ ಕಾರಣ ಯುದ್ಧ. 1939ರಲ್ಲಿ ಪ್ರಯಾಣದ ನಡುವೆ ವಾಲ್‌ಚಂದರಿಗೆ ವಿಲಿಯಂ ಪಾಲಿ ಎಂಬ ಅಮೆರಿಕನ್ ವ್ಯಾಪಾರಿಯ ಪರಿಚಯವಾಗಿತ್ತು. ಚೀನಾದಲ್ಲಿ ವಿಮಾನ ಜೋಡಿಸುವ ಕಾರ್ಖಾನೆ ನಡೆಸುತ್ತಿದ್ದ ಆಸಾಮಿ ಅವರು. ಜಪಾನ್ ಮೇಲೇರಿ ಬರುತ್ತಿದ್ದಾಗ ಏಷ್ಯಾದ ಈ ಭಾಗದಲ್ಲೊಂದು ವಿಮಾನ ಕಾರ್ಖಾನೆ ಇದ್ದರೆ ಒಳ್ಳೆಯದು ಎಂಬ ಮಾತಿಗೆ ದಿಲ್ಲಿಯಲ್ಲಿ ಕೊನೆಗೂ ಕಿವಿ ಸಿಕ್ಕಿತು.

ಮಿರ್ಜಾ ತಡಮಾಡಲಿಲ್ಲ. ಬೆಂಗಳೂರಿನ ಪೂರ್ವಕ್ಕೆ 700 ಎಕರೆ ಜಮೀನು ಕೊಟ್ಟರು, ಸಂಸ್ಥಾನದಿಂದ 25 ಲಕ್ಷ ರೂಪಾಯಿ ಷೇರು ಬಂಡವಾಳ ಹಾಕಿಸಿದರು. ವಾಲ್‌ಚಂದ್ ಬಳಗದ್ದೂ ಅಷ್ಟೇ ಹಣ. 1941ರಲ್ಲಿ ಭಾರತ ಸರ್ಕಾರವೂ ಮೂರನೆಯ ಪಾಲುದಾರನಾಗಿ ಸೇರಿಕೊಂಡಿತು. ಅಮೆರಿಕದಿಂದ ಬಂದ ಬಿಡಿಭಾಗಗಳನ್ನು ಜೋಡಿಸಿದ ಹಾರ್ಲೋ ತರಬೇತಿ ವಿಮಾನ ಆ ವರ್ಷವೇ ಹಾರಿತು. ಕಂಪನಿ ಶುರುವಾಗಿ ಒಂದು ವರ್ಷವೂ ತುಂಬಿರಲಿಲ್ಲ. ಮುಂದಿನ ವರ್ಷ ಕರ್ಟಿಸ್ ಹಾಕ್ ಫೈಟರ್ ಮೇಲೇರಿತು. ಜೋಡಣೆಯನ್ನೇ ತಯಾರಿಕೆ ಎಂದು ಕೊಚ್ಚಿಕೊಳ್ಳುವ ಅಭ್ಯಾಸ ನಮಗೆ ಈಗಲೂ ಇದೆ. ಆದರೆ ರಿವೆಟ್ ಹೊಡೆಯುವುದು ಹೇಗೆ, ತಗಡು ಬಾಗಿಸುವುದು ಹೇಗೆ ಎಂದು ಕಲಿತ ಒಂದು ಪೀಳಿಗೆಯನ್ನು ಆ ಜೋಡಣೆಯೇ ತಯಾರಿಸಿತು ಎಂಬುದನ್ನು ಒಪ್ಪಲೇಬೇಕು.

ಏಪ್ರಿಲ್ 1942ರ ಹೊತ್ತಿಗೆ ಜಪಾನೀಯರು ಬರ್ಮಾದಲ್ಲಿದ್ದರು. ಭಾರತ ಸರ್ಕಾರ ವಾಲ್‌ಚಂದರ ಷೇರುಗಳನ್ನು ಕೊಂಡು ಕಾರ್ಖಾನೆಯನ್ನು ತನ್ನ ಹಿಡಿತಕ್ಕೆ ತೆಗೆದುಕೊಂಡಿತು. ಮೈಸೂರು ತನ್ನ ಪಾಲನ್ನು ಉಳಿಸಿಕೊಂಡರೂ ಆಡಳಿತದಲ್ಲಿ ಅದರ ಮಾತು ನಡೆಯುವಂತಿರಲಿಲ್ಲ. ಮಿರ್ಜಾ ಅಷ್ಟರಲ್ಲಾಗಲೇ ದಿವಾನಗಿರಿ ಬಿಟ್ಟಿದ್ದರು. 1943ರಲ್ಲಿ ಕಾರ್ಖಾನೆ ಅಮೆರಿಕದ ವಾಯುಪಡೆಯ ರಿಪೇರಿ ಡಿಪೋ ಆಯಿತು. ಕ್ಯಾಟಲೀನಾ ಎಂಬ, ನೀರಿನ ಮೇಲಿಳಿಯುವ ದೊಡ್ಡ ವಿಮಾನಗಳು ಬೆಳ್ಳಂದೂರು ಕೆರೆಗೆ ಬಂದಿಳಿದು, ದಡದ ಇಳಿಜಾರು ಹಾದಿಯಲ್ಲಿ ಮೇಲೆಳೆಸಿಕೊಂಡು ರಿಪೇರಿಗೆ ಹೋಗುತ್ತಿದ್ದವು. ಇವತ್ತು ನೊರೆಯಿಂದ ಸುದ್ದಿಯಾಗುವ ಕೆರೆಯೇ ಅದು.

ಯುದ್ಧ ಮುಗಿದ ಮೇಲೆ ಕೆಲಸವೇ ಇಲ್ಲದಂತಾಯಿತು. ಬಸ್ಸಿನ ಬಾಡಿ ಕಟ್ಟಿದರು, ರೈಲು ಬೋಗಿ ಕಟ್ಟಿದರು. ಆ ಬೋಗಿ ವಿಭಾಗವೇ 1964ರಲ್ಲಿ ಬೆಮಲ್ ಆಯಿತು. ಅದರದೊಂದು ಘಟಕ ಈಗ ಮೈಸೂರಿನ ಕೂರ್ಗಳ್ಳಿಯಲ್ಲಿದೆ. ಸುತ್ತಿ ಬಳಸಿಯಾದರೂ ಮೈಸೂರಿಗೆ ಅಷ್ಟು ದಕ್ಕಿತು.

ಆ ಬಿಡುವಿನ ಕಾಲದಲ್ಲೇ ಈ ಕಾರ್ಖಾನೆಯ ಅತಿ ರೋಚಕ ಪ್ರಸಂಗ ನಡೆದದ್ದು. ಕಾನ್ಪುರದ ಚಕೇರಿಯಲ್ಲಿ ಮಿತ್ರಪಡೆಗಳು ಬಿಟ್ಟುಹೋದ ಲಿಬರೇಟರ್ ಬಾಂಬರುಗಳು ಬಿದ್ದಿದ್ದವು. ಯಾರೂ ಮತ್ತೆ ಹಾರಿಸಬಾರದೆಂದು ಅವನ್ನು ಬೇಕೆಂದೇ ಹಾಳುಗೆಡವಿದ್ದರು. ನಾಲ್ಕು ಎಂಜಿನ್ನಿನ ಈ ವಿಮಾನಗಳು ಇನ್ನು ಗುಜರಿಗೆ ಎಂದೇ ಎಲ್ಲರ ಲೆಕ್ಕ. ಬೆಂಗಳೂರಿನ ತಂಡ ಅಲ್ಲಿಗೆ ಹೋಗಿ, ಒಂದರ ಭಾಗ ಇನ್ನೊಂದಕ್ಕೆ ಹಾಕಿ, ಹೇಗೋ ಮೇಲೇಳುವಷ್ಟು ಮಾಡಿತು. ಕಂಪನಿಯ ಪರೀಕ್ಷಾ ಪೈಲಟ್ ಕ್ಯಾಪ್ಟನ್ ಜಮ್ಷೆಡ್ ಮುನ್ಶಿ ಅವನ್ನು ಒಂದೊಂದಾಗಿ ಬೆಂಗಳೂರಿಗೆ ಹಾರಿಸಿಕೊಂಡು ಬಂದರು. ಒಟ್ಟು 42 ವಿಮಾನ. ಇಲ್ಲಿ ಪೂರ್ತಿ ದುರಸ್ತಿಯಾಗಿ 1948ರ ಕೊನೆಗೆ ವಾಯುಪಡೆ ಸೇರಿದ ಅವು 1968ರವರೆಗೆ ದುಡಿದವು. ಇಂಗ್ಲೆಂಡ್, ಅಮೆರಿಕದ ವಸ್ತುಸಂಗ್ರಹಾಲಯಗಳಲ್ಲಿ ಇವತ್ತು ನಿಂತಿರುವ ಕೆಲವು ಲಿಬರೇಟರ್‌ಗಳು ಹೀಗೆ ಬದುಕುಳಿದವೇ. ವಿಮಾನ ಕೊಳ್ಳಲು ಹಣವಿಲ್ಲದ ಹೊಸ ದೇಶ ಗುಜರಿಯಿಂದ ಬಾಂಬರ್ ಪಡೆ ಕಟ್ಟಿತು ಎಂಬುದು ನನ್ನ ಮಟ್ಟಿಗೆ ಇದೇ ಕಾರ್ಖಾನೆ ಮುಂದೆ ತಯಾರಿಸಿದ ಮಾರುತ್ ಜೆಟ್‌ನ ಕಥೆಗಿಂತ ದೊಡ್ಡದು.

ಸ್ವಂತ ವಿನ್ಯಾಸದ ಕಡೆಗೆ ತಿರುಗಿಸಿದವರು ಡಾ. ವಿ.ಎಂ. ಘಾಟಗೆ. ಜರ್ಮನಿಯ ಗಟಿಂಗೆನ್‌ನಲ್ಲಿ ಪ್ರಾಂಟ್ಲ್ ಅವರ ಬಳಿ ಕಲಿತವರು. ಯುದ್ಧದ ನಡುವೆಯೇ ಹತ್ತು ಆಸನಗಳ ಗ್ಲೈಡರ್ ವಿನ್ಯಾಸ ಮಾಡಿದ್ದರು. 1942ರಲ್ಲಿ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ವಿಮಾನ ಎಂಜಿನಿಯರಿಂಗ್ ವಿಭಾಗ ಶುರುವಾದಾಗ ಅದನ್ನು ಕಟ್ಟಿದವರೂ ಅವರೇ. ಅವರ ಎಚ್‌ಟಿ-2 ತರಬೇತಿ ವಿಮಾನವನ್ನು 1951ರ ಆಗಸ್ಟ್‌ನಲ್ಲಿ ಅದೇ ಮುನ್ಶಿ ಹಾರಿಸಿದರು. ಭಾರತದಲ್ಲೇ ವಿನ್ಯಾಸಗೊಂಡು ಸಾಲಾಗಿ ತಯಾರಾದ ಮೊದಲ ವಿಮಾನ ಅದು. ಹಿಂದೊಬ್ಬರು ಮುಂದೊಬ್ಬರು ಕೂರುವ ಎರಡು ಸೀಟಿನ ಪುಟ್ಟ ವಿಮಾನ. ನೂರೈವತ್ತಕ್ಕೂ ಹೆಚ್ಚು ತಯಾರಾದವು, ಕೆಲವು ಘಾನಾಕ್ಕೂ ಹೋದವು. ಫ್ಲೈಯಿಂಗ್ ಕ್ಲಬ್‌ಗಳಿಗೆಂದು ಮಾಡಿದ ಪುಷ್ಪಕ್ 1958ರಲ್ಲಿ ಬಂತು.

ಆಮೇಲಿನದು ಎಲ್ಲರಿಗೂ ಗೊತ್ತಿರುವ ಅಧ್ಯಾಯ. 1956ರಲ್ಲಿ ಜರ್ಮನ್ ವಿನ್ಯಾಸಕಾರ ಕುರ್ಟ್ ಟ್ಯಾಂಕ್ ಬೆಂಗಳೂರಿಗೆ ಬಂದರು, 1961ರ ಜೂನ್ 17ರಂದು ವಿಂಗ್ ಕಮಾಂಡರ್ ಸುರಂಜನ್ ದಾಸ್ ಮಾರುತ್ ಜೆಟ್ಟನ್ನು ಹಾರಿಸಿದರು. ಮೈಕಟ್ಟು ಸೊಗಸಾಗಿತ್ತು, ತಕ್ಕ ಎಂಜಿನ್ ಮಾತ್ರ ಕೊನೆಗೂ ಸಿಗಲಿಲ್ಲ. 147 ವಿಮಾನಗಳಿಗೆ ತಯಾರಿಕೆ ನಿಂತಿತು. ಅದೇ ಕಾಲಕ್ಕೆ ದಿಲ್ಲಿಯಲ್ಲಿ 1959ರಲ್ಲಿ ಶುರುವಾದ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯ ಮರುವರ್ಷ ಬೆಂಗಳೂರಿಗೆ ಬಂದು ಬೀಡುಬಿಟ್ಟದ್ದು ಮೈಸೂರು ಮಹಾರಾಜರ ಅರಮನೆಗೆ ಸೇರಿದ ಕುದುರೆ ಲಾಯದಲ್ಲಿ. ಬೆಂಗಳೂರಿನ ವಿಮಾನ ಕಾರ್ಖಾನೆ, ಅಂದರೆ ಎಚ್‌ಎಎಲ್, ಈಗಿನ ಹೆಸರು ಪಡೆದದ್ದು 1964ರ ಅಕ್ಟೋಬರ್ 1ರಂದು.

ಇಷ್ಟೆಲ್ಲ ನಡೆಯುತ್ತಿದ್ದಾಗ ಮಂಡಕಳ್ಳಿಯಲ್ಲಿ ಏನಿತ್ತು? 1950ರಲ್ಲಿ ನಿಲ್ದಾಣ ಕೇಂದ್ರ ಸರ್ಕಾರದ ನಾಗರಿಕ ವಿಮಾನಯಾನ ಇಲಾಖೆಗೆ ಹೋಯಿತು. ವಾಯುಪಡೆ ಅದನ್ನು ತರಬೇತಿಗೆ ಬಳಸಿತು. ಬೆಂಗಳೂರಿಗೆ ಡಕೋಟಾ ವಿಮಾನದ ಸೇವೆಯೂ ಇತ್ತು, ಆಮೇಲೆ ಇಲ್ಲವಾಯಿತು. 1985ರಲ್ಲಿ ವಾಯುದೂತ್ ಬೆಂಗಳೂರು–ಮೈಸೂರು ಹಾರಾಟ ಶುರುಮಾಡಿ, ಜನ ಸಾಲದೆ 1990ರಲ್ಲಿ ಕೈಬಿಟ್ಟಿತು. ಸಾಲದಿದ್ದದ್ದರಲ್ಲಿ ಆಶ್ಚರ್ಯವೇನಿಲ್ಲ. ಮೂರು ಗಂಟೆಯ ರೈಲು ಊರಿನ ನಡುವೆ ಹತ್ತಿಸಿ ಊರಿನ ನಡುವೆಯೇ ಇಳಿಸುವಾಗ, ಹತ್ತು ಕಿಲೋಮೀಟರ್ ಆಚೆ ಹೋಗಿ ವಿಮಾನ ಹತ್ತುವವರು ಯಾರು?

ನಿಲ್ದಾಣ ಕಟ್ಟಿದ ಮಾತ್ರಕ್ಕೆ ವಿಮಾನ ಬರುವುದಿಲ್ಲ ಎನ್ನುವುದಕ್ಕೆ ಇಷ್ಟು ಸಾಕು. ಎಚ್‌ಎಎಲ್ ರನ್‌ವೇಗೆ ದಿನಾ ಕೆಲಸ ಕೊಡುವ ಕಾರ್ಖಾನೆ ಬೆನ್ನಿಗಿತ್ತು. ಪ್ರಯಾಣಿಕರು ಬಂದದ್ದು ಆಮೇಲೆ. ಕಾರ್ಖಾನೆಗೆಂದು ಹಾಕಿದ ಆ ರನ್‌ವೇ ದಶಕಗಳ ಕಾಲ ಬೆಂಗಳೂರಿನ ವಿಮಾನ ನಿಲ್ದಾಣವಾಗಿ, ಮೇ 2008ರಲ್ಲಿ ದೇವನಹಳ್ಳಿ ಶುರುವಾಗುವವರೆಗೆ ಊರನ್ನು ಹೊತ್ತುಕೊಂಡಿತ್ತು. ಮಂಡಕಳ್ಳಿಗೆ ಅಂಥ ಗಿರಾಕಿ ಇರಲಿಲ್ಲ. ಮಿರ್ಜಾ ಆ 700 ಎಕರೆಯನ್ನು ಮೈಸೂರಿನ ಬಳಿಯೇ ಕೊಡಬಹುದಿತ್ತಲ್ಲ ಎಂದು ಮೈಸೂರಿನವರು ಗೊಣಗಬಹುದು. ಆದರೆ ಯುದ್ಧಕಾಲದಲ್ಲಿ ದಂಡಿನ ಪ್ರದೇಶ, ದೊಡ್ಡ ರೈಲು ಜಂಕ್ಷನ್, ಟಾಟಾ ಇನ್‌ಸ್ಟಿಟ್ಯೂಟು ಮೂರೂ ಇದ್ದ ಊರು ಬೆಂಗಳೂರೇ.

2010ರ ಅಕ್ಟೋಬರ್‌ನಲ್ಲಿ ಕಿಂಗ್‌ಫಿಷರ್ ಬಂತು, ಒಂದು ವರ್ಷದ ಮೇಲೆ ಹೋಯಿತು. 2013ರಲ್ಲಿ ಸ್ಪೈಸ್‌ಜೆಟ್ ಬಂತು, ಅದೂ ನಿಲ್ಲಲಿಲ್ಲ. 2017ರಲ್ಲಿ ಉಡಾನ್ ಯೋಜನೆಯಲ್ಲಿ ಟ್ರೂಜೆಟ್ ಚೆನ್ನೈಗೆ ಹಾರಾಟ ಶುರುಮಾಡಿದ ಮೇಲೆಯೇ ಚಟುವಟಿಕೆಗೆ ಒಂದಿಷ್ಟು ಜೀವ ಬಂದದ್ದು. ಬೆಂಗಳೂರನ್ನು ಬಿಟ್ಟು ದೂರದ ಊರುಗಳಿಗೆ ಹಾರಿದಾಗಲೇ ಸೀಟು ತುಂಬುತ್ತದೆ ಎಂಬುದು ವಾಯುದೂತ್ ಕಾಲದಿಂದ ಕಣ್ಣೆದುರಿಗಿದ್ದ ಪಾಠ. ಇಷ್ಟಾದರೂ 1,740 ಮೀಟರ್ ರನ್‌ವೇ ಎಟಿಆರ್‌ನಂಥ ಪಂಖದ ವಿಮಾನಕ್ಕೇ ಲೆಕ್ಕ. ದೊಡ್ಡ ಜೆಟ್ ಇಳಿಯಬೇಕಾದರೆ ಅದನ್ನು 2,750 ಮೀಟರಿಗೆ ಹಿಗ್ಗಿಸಬೇಕು. ಹಿಗ್ಗಿಸಬೇಕಾದರೆ ನಂಜನಗೂಡು ಹೆದ್ದಾರಿಯೂ ಚಾಮರಾಜನಗರದ ರೈಲು ಹಳಿಯೂ ಅಡ್ಡ ಬರುತ್ತವೆ. ಹೆದ್ದಾರಿಯನ್ನು ರನ್‌ವೇಯ ಕೆಳಗೆ ಸುರಂಗದಲ್ಲಿ ದಾಟಿಸುವ ಪ್ರಸ್ತಾವ, ಜಮೀನು ಸ್ವಾಧೀನದ ಕಡತ ವರ್ಷಗಟ್ಟಲೆ ಮೇಜಿನಿಂದ ಮೇಜಿಗೆ ಓಡಾಡಿವೆ.