ಪಹರೆಯ ಬೆಲೆ
1970ರ ದಶಕದ ಆದಿಯಲ್ಲಿ ಅಮೆರಿಕೆಯ ಬೆಲ್ ಪ್ರಯೋಗಶಾಲೆಯಲ್ಲಿ ಡೆನಿಸ್ ರಿಚಿ ರೂಪಿಸಿದ ಸಿ ಭಾಷೆಯು, ಮೆಮೊರಿಯನ್ನು ಬೇಕಾದಷ್ಟು ಪಡೆದು ಕಾರ್ಯ ಮುಗಿದೊಡನೆ ಹಿಂದಿರುಗಿಸುವ ಸ್ವಾತಂತ್ರ್ಯವನ್ನು ಪ್ರೋಗ್ರಾಮು ಬರೆಯುವವನಿಗೇ ಒಪ್ಪಿಸಿತಾದರೂ, ಅದರ ದುರುಪಯೋಗವನ್ನು ತಡೆಯುವ ಪಹರೆಯನ್ನು ಮಾತ್ರ ನೇಮಿಸಲಿಲ್ಲ. ಹಿಂದಿರುಗಿಸಿದ ಸ್ಥಳವನ್ನೇ ಮತ್ತೆ ಓದುವುದು, ಪಡೆದ ಸ್ಥಳದ ಅಂಚನ್ನು ಮೀರಿ ಬರೆಯುವುದು ಮುಂತಾದ ದೋಷಗಳ ವೈಚಿತ್ರ್ಯವೆಂದರೆ, ಅಪರಾಧದ ಕ್ಷಣದಲ್ಲಿ ಏನೂ ಸಂಭವಿಸದೆ, ಬಹುಕಾಲದ ಅನಂತರ, ನಿರಪರಾಧಿಯಾದ ಬೇರೊಂದು ಸಾಲಿನಲ್ಲಿ ಪ್ರೋಗ್ರಾಮು ಕ್ರ್ಯಾಶ್ ಆಗುವುದು. ಇವನ್ನು ಹಿಡಿಯುವ ಉಪಾಯಗಳ ಇತಿಹಾಸವು ವಸ್ತುತಃ ಪಹರೆಗೆ ತೆರಬೇಕಾದ ಬೆಲೆಯ ಇತಿಹಾಸ.

1990ರ ದಶಕದ ಮೊದಲಲ್ಲಿ, ಮುಂದೆ ನೆಟ್‌ಫ್ಲಿಕ್ಸ್ ಸ್ಥಾಪಕರಲ್ಲೊಬ್ಬನಾದ ರೀಡ್ ಹೇಸ್ಟಿಂಗ್ಸ್, ಬಾಬ್ ಜಾಯ್ಸ್‌ನೊಡಗೂಡಿ ಮೆಮೊರಿಯ ಪ್ರತಿಯೊಂದು ಓದು ಬರಹವನ್ನೂ ಪರೀಕ್ಷಿಸುವ ಪ್ಯೂರಿಫೈ ಎಂಬ ಸಾಧನವನ್ನು ಪ್ರಕಟಿಸಿದನು. 2002ರಲ್ಲಿ ಜೂಲಿಯನ್ ಸೀವರ್ಡ್‌ನ ವ್ಯಾಲ್‌ಗ್ರೈಂಡ್ ಅಂಥ ಪರೀಕ್ಷೆಯನ್ನು ಉಚಿತವಾಗಿ ಒದಗಿಸಿತು. ಆದರೆ ಅದರಡಿಯಲ್ಲಿ ಪ್ರೋಗ್ರಾಮಿನ ಗತಿ ಹತ್ತಾರು ಪಟ್ಟು ಮಂದವಾಗುತ್ತಿತ್ತು. ಮೇಜಿನ ಮೇಲಣ ಗಣಕವು ಈ ವಿಳಂಬವನ್ನು ಸಹಿಸಬಲ್ಲುದಾಗಿತ್ತು. 2009ರಲ್ಲಿ ಎನ್‌ಡಿಕೆ ಎಂಬ ಸಾಧನಸಂಚಯದ ಮೂಲಕ ಸಿ ಮುಂತಾದ ಭಾಷೆಗಳ ನೇಟಿವ್ ಕೋಡಿಗೆ ಬಾಗಿಲು ತೆರೆದ ಆಂಡ್ರಾಯ್ಡ್ ಫೋನಾದರೋ, ಬೆರಳ ಸ್ಪರ್ಶಕ್ಕೆ 5 ಸೆಕೆಂಡುಗಳಲ್ಲಿ ಉತ್ತರಿಸದ ಆ್ಯಪ್ ನಿಶ್ಚೇಷ್ಟಿತವೆಂದೇ ಘೋಷಿಸುವಂಥದು.

2012ರಲ್ಲಿ ಗೂಗಲ್‌ನ ಕಾನ್‌ಸ್ಟಾಂಟಿನ್ ಸೆರೆಬ್ರಿಯಾನಿ ಮತ್ತು ಸಂಗಡಿಗರು ಮಂಡಿಸಿದ ಅಡ್ರೆಸ್‌ಸ್ಯಾನಿಟೈಸರ್, ಪರೀಕ್ಷೆಯನ್ನು ಕಂಪೈಲರಿನ ಕೈಗೇ ವಹಿಸಿ, 8 ಬೈಟುಗಳ ಸ್ಥಿತಿಯನ್ನು 1 ಬೈಟಿನಲ್ಲಿ ದಾಖಲಿಸಿ, ಹೊಲದ ಅಂಚಿಗೆ ಬಾಂದುಕಲ್ಲು ನೆಟ್ಟಂತೆ ಪ್ರತಿ ತುಣುಕಿನ ಇಕ್ಕೆಲಗಳಲ್ಲಿ ನಿಷಿದ್ಧ ವಲಯವನ್ನಿರಿಸಿತು. ವಿಳಂಬವು ಸರಾಸರಿ ಎರಡು ಪಟ್ಟಿಗೂ ಕೆಳಗಿಳಿದರೂ, ಮೆಮೊರಿಯ ವೆಚ್ಚವು ಮೂರು ಪಟ್ಟನ್ನು ಮೀರಿ ಫೋನಿಗೆ ಭಾರವಾಯಿತು. ಆದುದರಿಂದ 2019ರ ಆಂಡ್ರಾಯ್ಡ್ 10ರೊಡನೆ ಬಂದ ಎಚ್‌ಡಬ್ಲ್ಯುಎಸ್ಯಾನ್ ಎಂಬ ಸಾಧನವು, 64 ಬಿಟ್ ಆರ್ಮ್ ಪ್ರೊಸೆಸರು ವಿಳಾಸದ ಮೇಲ್ತುದಿಯ 8 ಬಿಟ್‌ಗಳನ್ನು ಲಕ್ಷಿಸದೆ ಬಿಡುವ ಗುಣವನ್ನು ಬಳಸಿಕೊಂಡು, ಆ ಬರಿದಾದ ಎಡೆಯಲ್ಲಿ ಒಂದು ಗುರುತನ್ನಿಟ್ಟು, ಮೆಮೊರಿಯ ತುಣುಕಿಗೆ ಇಟ್ಟ ಗುರುತಿನೊಡನೆ ಅದು ಹೊಂದದಿದ್ದಲ್ಲಿ ಅಪರಾಧವನ್ನು ಸ್ಥಳದಲ್ಲೇ ಹಿಡಿಯಿತು. ಈ ತಾಳೆನೋಟವನ್ನು ಚಿಪ್ಪೇ ನಡೆಸುವ ಎಂಟಿಇ ವಿಧಾನವು 2023ರ ಪಿಕ್ಸೆಲ್ 8 ಫೋನಿನಲ್ಲಿ ಬಳಕೆದಾರನ ಕೈ ಸೇರಿತು. ಅದರ ಗುರುತು 4 ಬಿಟ್‌ಗಳದಾದ ಕಾರಣ, ಇರುವ 16 ಗುರುತುಗಳಲ್ಲಿ ಒಂದೇ ಗುರುತು ಆಕಸ್ಮಿಕವಾಗಿ ಎರಡು ತುಣುಕುಗಳಿಗೆ ಬಿದ್ದು ದೋಷವು ನುಸುಳುವ ಸಂಭವವೂ ಉಂಟು.

ಆದರೂ, ಆಂಡ್ರಾಯ್ಡ್‌ನ ಭದ್ರತಾ ದೋಷಗಳಲ್ಲಿ ಮೆಮೊರಿಗೆ ಸಂಬಂಧಿಸಿದವು 2019ರಲ್ಲಿ ಶೇಕಡ 76 ಇದ್ದು 2024ಕ್ಕೆ 24ಕ್ಕಿಳಿದುದಕ್ಕೆ ಗೂಗಲ್ ಹೇಳುವ ಪ್ರಧಾನ ಕಾರಣ, ಹೊಸ ಕೋಡನ್ನು ರಸ್ಟ್‌ನಂಥ ಸುರಕ್ಷಿತ ಭಾಷೆಗಳಲ್ಲಿ ಬರೆದದ್ದು. ಮೂರು ದಶಕ ಪಹರೆಯನ್ನು ಅಗ್ಗಗೊಳಿಸುತ್ತ ಬಂದ ವಿದ್ಯೆಯು, ಅಪಾಯಕರ ಸ್ವಾತಂತ್ರ್ಯವನ್ನು ಮೊದಲೇ ನಿರಾಕರಿಸುವುದು ಇನ್ನೂ ಅಗ್ಗವೆಂದು ಕಂಡುಕೊಂಡಿತು. ಸಿ ಭಾಷೆಯ ಹಳೆಯ ಕೋಡು ಜೀವಿಸಿರುವವರೆಗೆ ಪಹರೆಗೆ ನಿವೃತ್ತಿಯೂ ಇಲ್ಲ.